ಇಪ್ಪತ್ತು ಕಿಲೋ ಮರಳು

ಮರಳಾ? ಅಂದ ಕಂಡಕ್ಟರ್. ಪರ್ಮಿಟ್ ಇದೆಯಾ ಮೇಡಂ?
ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲೇ ಇಡೀ ಬಸ್ಸು ನಕ್ಕಿತು.
ಚೀಲಕ್ಕೆ ಅರ್ಧ ಟಿಕೆಟ್ ಹರಿದು
ಡ್ರೈವರನ ಸೀಟಿನ ಹಿಂದೆ ನೂಕಿದ.
ಸಂಪಾಜೆ ದಾಟಿದ ಮೇಲೆ
ಒಂದೊಂದು ತಿರುವಿಗೂ ಸರಕ್ಕೆಂದು ಸರಿದು
ಮತ್ತೆ ಕೂತಿತು ಅದು,
ಘಟ್ಟ ಹತ್ತಿ ಅಭ್ಯಾಸವಿಲ್ಲದವರ ಹೊಟ್ಟೆಯಂತೆ.
ಮಡಿಕೇರಿಯಲ್ಲಿ ಇಳಿಸುವಾಗ ಚೀಲದ ಮೂಲೆಯಿಂದ
ಬೆಳ್ಳಗೆ ಒಂದು ಹಿಡಿ ಮೆಟ್ಟಿಲಿಗೆ ಸುರಿಯಿತು.
ನಾಲಿಗೆಗೆ ಹಚ್ಚಿ ನೋಡಿದ ಪುಣ್ಯಾತ್ಮ.
ಉಪ್ಪೂ ಅಲ್ವಲ್ರೀ.

ಏಳು ಬಕೆಟ್ ತೊಳೆದೆ ಹಿತ್ತಲಲ್ಲಿ.
ಮೊದಲ ನೀರು ಗಂಜಿ, ಎರಡನೆಯದು ಮಜ್ಜಿಗೆ,
ಐದಕ್ಕೆ ಅಕ್ಕಿ ತೊಳೆದ ನೀರು,
ಏಳಕ್ಕೆ ಬಕೆಟ್ಟಿನ ತಳದ ಕಂಪನಿ ಹೆಸರು ಕಂಡಿತು.
ಅಂಗೈಯಲ್ಲಿ ಉಳಿದದ್ದನ್ನು ಟ್ಯೂಬ್‌ಲೈಟಿಗೆ ಹಿಡಿದೆ.
ಹೊಳೆಮರಳಿನ ಹಾಗೆ ಮಿಣುಕುವುದಿಲ್ಲ.
ಒಂದು ಕಾಳೂ ಕಲ್ಲಲ್ಲ.
ಚಿಪ್ಪಿನ ಚೂರು, ಹವಳದ ಮೊಣಕೈ,
ಸಾಸಿವೆಗಿಂತ ಸಣ್ಣ ಶಂಖ ಒಂದು
ಬಾಗಿಲು ಮುಚ್ಚಿಕೊಂಡು.

ಸ್ಟ್ಯಾಂಡು ಮಾಡಿಕೊಟ್ಟವನು ಬೆಳ್ಯಪ್ಪ, ಸಿಲ್ವರ್ ಓಕಿನ ಹಲಗೆ.
ರಸಮಟ್ಟ ಹಿಡಿದು ನಾಲ್ಕು ಮೂಲೆಗೂ ಮಂಡಿಯೂರಿದ.
ಗುಳ್ಳೆ ನಡುವೆ ಬಂದು ನಿಂತ ಮೇಲೂ
ಇನ್ನೊಮ್ಮೆ ನೋಡಿದ.
ನಾನಾಗಲೇ ಮರಳಿನ ಬಕೆಟ್ ಎತ್ತಿದ್ದೆ.
ತಡೀರಿ, ಕಲ್ಲು ಎಲ್ಲಿ ಕೂರುತ್ತೆ?
ಮರಳಿನ ಮೇಲೆ, ಅಂದೆ. ಚಿತ್ರದಲ್ಲಿ ಹಾಗೇ ಇತ್ತು.

ಬಕೆಟ್ ನನ್ನ ಕೈಯಿಂದ ತೆಗೆದು ಕೆಳಗಿಟ್ಟ.
ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಮಕ್ಕಂದೂರಿನ ಆಚೆ ಅವನ ಮನೆಯಿದ್ದ ಇಳಿಜಾರು
ಆ ಆಗಸ್ಟಿನ ಒಂದು ಬೆಳಗ್ಗೆ
ಕಾಫಿಗಿಡಗಳು ನಿಂತ ಹಾಗೇ ನಿಂತುಕೊಂಡು
ತೋಡಿಗೆ ಇಳಿದು ಹೋಗಿತ್ತು.
ಊರಿಗೆಲ್ಲ ಗೊತ್ತು. ಅವನು ಹೇಳುವುದಿಲ್ಲ.
ಹೇಳಿದ್ದು ಇಷ್ಟೆ: ಕಲ್ಲು ಮೊದಲು. ಗಾಜಿಗೆ ತಾಗಿ ಕೂರಲಿ.
ಅಡಿ ಕೊರೆಯುವವು ಇರ್ತವಲ್ಲ, ಮೀನೋ ಸೀಗಡಿಯೋ,
ಅವಕ್ಕೆ ಮೇಲೆ ಏನಿದೆ ಅಂತ ಗೊತ್ತಿರಲ್ಲ.

ಮೂರು ಕಲ್ಲು. ಒಂದೊಂದರ ನೆತ್ತಿಗೂ ಅಂಗೈ ಊರಿ
ತನ್ನ ಭಾರವನ್ನೆಲ್ಲ ಬಿಟ್ಟು ನೋಡಿದ.
ಆಮೇಲೆ ಸುತ್ತ ಮರಳು, ಸ್ಟೀಲ್ ಲೋಟದಲ್ಲಿ,
ಎರಡು ಬೆರಳು ದಪ್ಪ, ಕಣದಲ್ಲಿ ಕಾಫಿ ಹರಡಿದಷ್ಟು;
ಹೆಚ್ಚಾದರೆ ಒಳಗೊಳಗೇ ಬೆಂದು ನಾರುತ್ತೆ.
ಮೇಲೊಂದು ಪಿಂಗಾಣಿ ತಟ್ಟೆ ಮಗುಚಿಟ್ಟು
ತಟ್ಟೆಯ ಬೆನ್ನಿಗೆ ನೀರು ಬಿಟ್ಟೆ,
ಅಳೆದ ಉಪ್ಪಿನ ನೀರು, ತೆಳ್ಳಗೆ,
ಮಲಗಿದವರ ಎದ್ದೇಳಿಸದ ಹಾಗೆ.
ಆದರೂ ಎದ್ದಿತು. ಕಲ್ಲು ಕಾಣಲಿಲ್ಲ, ತಟ್ಟೆ ಕಾಣಲಿಲ್ಲ,
ಮೊಣಕೈವರೆಗೆ ಹೋದ ನನ್ನ ಕೈಯೇ ಕಾಣಲಿಲ್ಲ.

ಕೊನೆಗೆ ಉಪ್ಪಿನಕಾಯಿ ಬಾಟಲಿ ಬಿಚ್ಚಿದೆ.
ಬಂದರಿನ ಅಂಗಡಿಯ ನೌಫಲ್ ತನ್ನ ತೊಟ್ಟಿಯಿಂದ ತೋಡಿ ಕೊಟ್ಟ
ಒದ್ದೆ ಮರಳು, ಒಂದು ಸೌಟು.
ಹೆಪ್ಪಿಗೆ, ಅಂದಿದ್ದ.

ಮೂರನೇ ದಿನ ಬೆಳ್ಯಪ್ಪನ ಫೋನು: ಕೂತಿತಾ?
ಇನ್ನೂ ಮಂಜು, ಅಂದೆ. ಹೊರಗೂ ಅದೇ.
ಕರೆಂಟು ಹೋಗಿ ಬ್ಯಾಟರಿ ಪಂಪು ಗೊರಗೊರ ಅನ್ನುತ್ತಿತ್ತು.
ಲ್ಯಾಬಿನಲ್ಲಿ ದಿನವಿಡೀ ಬೇರೆಯವರ ಸಕ್ಕರೆ ನೋಡಿ ಬಂದ ಕಣ್ಣು
ರಾತ್ರಿ ಇನ್ನೊಂದು ಸೀಸೆಯ ಹಸಿರನ್ನು
ಕಾಗದದ ಹಸಿರಿಗೆ ಹೋಲಿಸುತ್ತ ಕೂತಿತು.
ಮೀನಿಲ್ಲದ ತೊಟ್ಟಿಗೆ ಇಷ್ಟೊಂದು ಆರೈಕೆಯಾ
ಅಂತ ಪಕ್ಕದ ಮನೆಯ ಸಾರಮ್ಮ.

ಹನ್ನೊಂದನೇ ದಿನ ಹಸಿರು ಹಳದಿಗೆ ತಿರುಗಿತು.
ಅಂದು ಸಂಜೆ ಬೆಳ್ಯಪ್ಪ ಬಂದ, ಕೊಡೆ ಮಡಚಿ
ಜೇಬಿನ ಟಾರ್ಚು ಗಾಜಿಗೆ ಹಿಡಿದ.
ಮರಳೊಳಗೆ ದಾರದಷ್ಟು ಸಪೂರ ಒಂದು ಸುರಂಗ,
ಯಾರೋ ರಾತ್ರಿ ಹೋದ ದಾರಿ.
ಬೆರಳಿನಿಂದ ಹೊರಗಿನಿಂದಲೇ ಅದರ ಜತೆ ನಡೆದ,
ಕಲ್ಲಿನ ಬುಡದವರೆಗೆ.
ನಿಂತ.
ಸುತ್ತಿಕೊಂಡು ಹೋಗಿದೆ, ಅಂದ.

ಆಮೇಲೆ ಎದ್ದು, ಮಂಡಿ ಕೊಡವಿ,
ವಾರ್ನಿಶಿನ ಬಾಕಿ ನೂರೈವತ್ತು ಕೇಳಿದ.